ತೊಟ್ಟು ಗೋಡೆಯ ಕಡೆ

ನಮ್ಮ ಪುಷ್ಪಲತಕ್ಕ ಸುಮ್ಮನೆ ಕೂತದ್ದನ್ನು ನೋಡಿದವರು ಈ ಊರಲ್ಲಿ ಯಾರೂ ಇಲ್ಲ. ಕೂತರೂ ಕೈಗೆ ಏನಾದರೊಂದು ಬೇಕು. ಅವರೆಕಾಯಿ ಸುಲಿಯಬೇಕು, ಇಲ್ಲವೇ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯಬೇಕು. ಏನೂ ಸಿಗದಿದ್ದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ. ಅವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣ ಶಿವರಾಜು ಭಾವನ ಹೆಂಡತಿ. ದಂಡಿನಶಿವರದ ಮಗ್ಗುಲಲ್ಲಿರುವ ನಮ್ಮೂರಲ್ಲಿ ನಮ್ಮೆರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಣ್ಣತಮ್ಮಂದಿರು ಭಾಗವಾದಾಗ ತೋಟ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು, ಗೋಡೆಯನ್ನು ಹಂಚಿಕೊಳ್ಳಲು ಆಗದೆ ಬಿಟ್ಟರು. ಹೀಗಾಗಿ ಅಕ್ಕ ಅಟ್ಟ ಹತ್ತಿದ್ದು, ಇಳಿದದ್ದು ಎಲ್ಲವೂ ನನಗೆ ಈಚೆಗೇ ಕೇಳಿಸುತ್ತದೆ. ಭಾವ ನಿವೃತ್ತರಾದ ಮೇಲೆ ಅದು ತೀರಾ ಜಾಸ್ತಿಯಾಯಿತು. ದಿನಕ್ಕೆ ಎಷ್ಟು ಸಲ ಹತ್ತುತ್ತಿದ್ದಳೋ, ಏಣಿಗೇ ಬೇಸರ ಬಂದಿರಬೇಕು.

ಭಾವ ಲೈನ್‌ಮನ್ ಆಗಿದ್ದವರು. ಗಾಳಿಮಳೆಯಲ್ಲಿ ಕಂಬ ಹತ್ತಿದ್ದಾರೆ, ಒಂದು ಸಲ ಬಿದ್ದು ಸೊಂಟ ಮುರಿದುಕೊಂಡು ಮೂರು ತಿಂಗಳು ಮಲಗಿದ್ದಾರೆ. ಅವರಿಗೆ ಬಂದ ಪಿಂಚಣಿ ಪುಕ್ಕಟೆ ಬಂದದ್ದಲ್ಲ, ಅದರಲ್ಲಿ ನನ್ನದು ಎರಡು ಮಾತಿಲ್ಲ. ತುರುವೇಕೆರೆಯಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ನಾನೂ ಅಕ್ಕನೂ ಹೋಗಿ ಮುಂದಿನ ಸಾಲಿನಲ್ಲೇ ಕೂತೆವು. ಭಾವನಿಗೆ ಮೈಸೂರು ಪೇಟ, ಶಾಲು, ಗಂಧದ ಹಾರ. ಒಬ್ಬರು ಮೈಕು ಹಿಡಿದು, ಪುಷ್ಪಲತಮ್ಮನವರು ಹೊತ್ತು ಹೊತ್ತಿಗೆ ಅನ್ನ ಹಾಕಿ ಸಹಕರಿಸಿದ್ದರಿಂದಲೇ ಶಿವರಾಜು ಇಷ್ಟು ವರ್ಷ ಸೇವೆ ಮಾಡಲು ಸಾಧ್ಯವಾಯಿತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನ ಕೈಗೆ ಒಂದು ತಟ್ಟೆ ಹಣ್ಣು ಕೊಟ್ಟರು. ಸಮಾರಂಭ ಮುಗಿದ ಮೇಲೆ ಲೆಕ್ಕಪತ್ರ ನೋಡುವ ಸದಾಶಿವಯ್ಯನವರು ಹತ್ತಿರ ಬಂದು ಪ್ರೀತಿಯಿಂದಲೇ ಹೇಳಿದರು:

"ನೀವೇನೂ ಯೋಚ್ನೆ ಮಾಡ್ಬೇಡಿ ಕಣಮ್ಮ. ಶಿವರಾಜು ಹೋದ್ಮೇಲೂ ನಿಮ್ಗೆ ಪಿಂಚಣಿ ಬತ್ತದೆ. ಅರ್ಧಕ್ಕೇನೂ ಮೋಸ ಇಲ್ಲ."

ಬಸ್ಸಿನಲ್ಲಿ ಅಕ್ಕ ಆ ಹಣ್ಣಿನ ತಟ್ಟೆಯನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಾಯಿಸುತ್ತಲೇ ಇದ್ದಳು. ಊರು ಹತ್ತಿರ ಬಂದಾಗ ನನ್ನ ಕಿವಿಗೆ ಬಗ್ಗಿದಳು.

"ಅಂಗಾರೆ ನನ್ ಕೈಗೆ ಅಂತ ನಾಕು ಕಾಸು ಬರ್ಬೇಕು ಅಂದ್ರೆ ಇವ್ರು ಸಾಯ್ಬೇಕೇನೇ?"

"ಬುಡ್ತು ಅನ್ನಕ್ಕಾ!"

"ಬುಡ್ತು, ಬುಡ್ತು. ಆದ್ರೂ ಕೇಳ್ದೆ."

ಮನೆಗೆ ಬಂದವರೇ ಭಾವ ಪೇಟ ತೆಗೆಯದೆ ಜಗಲಿಯ ಮೇಲೆ ಕೂತು ಬಂದವರ ಹತ್ತಿರ ಮಾತಾಡತೊಡಗಿದರು. ಅಕ್ಕ ರೇಷ್ಮೆ ಸೀರೆ ಬಿಚ್ಚಿ ಹಳೆಯದನ್ನು ಉಟ್ಟು, ನೆರಿಗೆ ಎತ್ತಿ ಕಟ್ಟಿ ಅಟ್ಟ ಹತ್ತಿದಳು. ಭಾವ ಕಂಬ ಹತ್ತಿದಷ್ಟು ಕಾಲವೂ ಅಕ್ಕ ಅಟ್ಟ ಹತ್ತಿದ್ದಾಳೆ. ಕಂಬಕ್ಕೆ ಪಿಂಚಣಿ ಇದೆ, ಅಟ್ಟಕ್ಕಿಲ್ಲ. ಅವತ್ತು ನನಗೆ ಇದರಿಂದ ಮೈ ಉರಿದದ್ದು ನಿಜ, ಈಗಲೂ ಆರಿಲ್ಲ.

ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವುದಲ್ಲ. ಮಟ್ಟೆ ಸಮೇತ ಇಡೀ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಬಿಡಬೇಕು. ಒಳಗಿನ ನೀರು ತಾನೇ ಇಂಗುತ್ತದೆ, ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಅಲ್ಲಿಯ ತನಕ ಯಾರೋ ಒಬ್ಬರು ಅದನ್ನು ಕಾಯಬೇಕಲ್ಲ. ಹೆಂಚು ಸೋರಿದರೆ ಒದ್ದೆ ಕಾಯಿ ಆರಿಸಿ ತೆಗೆಯಬೇಕು, ಇಲಿ ಓಡಿಸಬೇಕು, ಜಡಿಮಳೆ ಹಿಡಿದಾಗ ಕೆಳಗೆ ಹೊಗೆ ಹಾಕಬೇಕು. ಆ ಮನೆಯಲ್ಲಿ ಇದೆಲ್ಲ ಅಕ್ಕನ ಕೆಲಸ. ತೋಟ ಭಾವನ ಹೆಸರಿನಲ್ಲಿದೆ, ಹಾಗಾಗಿ ಕೊಬ್ಬರಿ ದುಡ್ಡು ಭಾವನ ಖಾತೆಗೆ ಹೋಗುತ್ತದೆ. ಇದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ, ಅಕ್ಕನೂ ಎಂದವಳಲ್ಲ.

ಅವಳದೆನ್ನುವುದು ಒಂದೇ ಇತ್ತು, ಅಟ್ಟದ ಮೂಲೆ. ಕಾಯಿ ಕೀಳಿಸುವ ಸರದಿಗೆ ಮುಂಚೆ ತಾನಾಗಿ ಉದುರಿ ಕಾಲುವೆಯಲ್ಲೋ ಬೇಲಿಯಲ್ಲೋ ಬಿದ್ದ ಕಾಯಿ ಮನೆ ಹೆಂಗಸಿನದು. ಇದು ನಮ್ಮತ್ತೆ ಭೂತಮ್ಮನ ಕಾಲದಿಂದ ಹೆಂಗಸರೇ ಮಾಡಿಕೊಂಡಿದ್ದ ಏರ್ಪಾಡು. ಗಂಡಸರನ್ನು ಯಾರೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಮನೆಯ ಕಾಯಿ ಅಟ್ಟದ ಮೇಲೆ ಹೇಗೆ ಬಿದ್ದರೆ ಹಾಗೆ ರಾಶಿ ಇರುತ್ತದೆ. ಹೆಂಗಸಿನ ಕಾಯಿಯನ್ನು ಮಾತ್ರ ಮೂಲೆಯಲ್ಲಿ ಸಾಲಾಗಿ ಜೋಡಿಸಿ, ತೊಟ್ಟನ್ನು ಗೋಡೆಯ ಕಡೆ ತಿರುಗಿಸಿ ಇಡಬೇಕು. ಅತ್ತೆ ಅಕ್ಕನಿಗೆ ಹಾಗೆ ಕಲಿಸಿದರು, ಅಕ್ಕ ನನಗೆ ಕಲಿಸಿದಳು. ಯಾರಾದರೂ ಅಟ್ಟ ಹತ್ತಿ ನೋಡಿದರೂ ಬರೀ ಕಾಯಿ ಕಾಣುತ್ತದೆ. ನಮಗೆ ಗೊತ್ತು, ಅಷ್ಟು ಸಾಕು.

ಆದರೆ ಈ ಏರ್ಪಾಡಿಗೆ ಮಂಡಿ ಗಟ್ಟಿಯಿರಬೇಕು. ಅತ್ತೆಗೆ ಮಂಡಿ ಹೋಯಿತು. ಏಣಿ ಹತ್ತಲಾಗದೆ ಅದರ ಬುಡದಲ್ಲೇ ಕೂರತೊಡಗಿದ ವರ್ಷದಿಂದ ಅವರ ಮೂಲೆಯೂ ಹೋಯಿತು. ನೊಣವಿನಕೆರೆಯಲ್ಲಿ ಅವರ ತಂಗಿ ಕೆಂಪಕ್ಕ ಇದ್ದರು. ಅಕ್ಕತಂಗಿಯರಿಗೆ ಒಬ್ಬರನ್ನೊಬ್ಬರು ನೋಡದಿದ್ದರೆ ಊಟ ಸೇರದು. ಅತ್ತೆ ಬಸ್ ಚಾರ್ಜಿಗೆ ಭಾವನ ಮುಂದೆ ನಿಂತರೆ ಭಾವ ಜೇಬಿಗೆ ಕೈ ಹಾಕುತ್ತಲೇ, "ಯಾಕವ್ವ? ಮೊನ್ನೆ ತಾನೆ ಹೋಗಿದ್ಯಲ್ಲ?" ಎನ್ನುವರು. ಕೊಡದೆ ಇದ್ದದ್ದು ಒಂದು ದಿನವೂ ಇಲ್ಲ. ಕೇಳದೆ ಕೊಟ್ಟದ್ದೂ ಇಲ್ಲ. ಅತ್ತೆ ಮೊದಮೊದಲು ಏನೋ ಕಾರಣ ಹೇಳುತ್ತಿದ್ದರು, ಆಮೇಲೆ ಕಾರಣ ಹುಟ್ಟಿಸುತ್ತಿದ್ದರು, ಕೊನೆಗೆ ಹೋಗುವುದನ್ನೇ ಬಿಟ್ಟರು. ತಂಗಿ ಸತ್ತ ದಿನ ಮಾತ್ರ ಯಾರೂ ಯಾಕೆ ಅನ್ನಲಿಲ್ಲ. ಭಾವ ಕಾರೇ ಮಾಡಿಕೊಂಡು ಕರೆದುಕೊಂಡು ಹೋದರು.

ಆ ಕಾರಿನಲ್ಲಿ ಅತ್ತೆಯ ಪಕ್ಕ ಕೂತಿದ್ದವಳು ಅಕ್ಕ. ಅವತ್ತಿನಿಂದ ಅವಳಿಗೆ ಒಂದೇ ಹಟ. ವಯಸ್ಸಾದ ಮೇಲೆ ನಾನು ಯಾರ ಮುಂದೆಯೂ ನಿಂತು 'ಯಾಕೆ'ಗೆ ಉತ್ತರ ಕೊಡುವುದಿಲ್ಲ.

ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಲ್ಲ ಎನ್ನಬಹುದು. ಬದುಕೆಲ್ಲ ಬಸ್ಸಿನಲ್ಲೇ ಕಳೆಯುವುದಿಲ್ಲವಲ್ಲ. ತಿಂಗಳು ತಿಂಗಳೂ ಹೆಂಗಸರಿಗೆ ಬರುವ ಗೃಹಲಕ್ಷ್ಮಿ ದುಡ್ಡೂ ಅಕ್ಕನಿಗೆ ಬರುವುದಿಲ್ಲ, ಯಾಕೆಂದರೆ ಭಾವ ತೆರಿಗೆ ಕಟ್ಟುವವರು. ಗಂಡನಿಗೆ ಸಂಬಳ ಜಾಸ್ತಿ ಎಂದು ಹೆಂಡತಿಯ ಕೈ ಖಾಲಿ! ಇನ್ನು ಮೂಲೆಯ ಕೊಬ್ಬರಿ ದುಡ್ಡು ಯಾವತ್ತೂ ಉಳಿದಿರಲಿಲ್ಲ. ಒಂದು ವರ್ಷ ಮಗಳ ಓಲೆಗೆ, ಒಂದು ವರ್ಷ ಅಳಿಯನ ವಾಚಿಗೆ, ಇನ್ನೊಂದು ವರ್ಷ ಬೋರಿನ ಮೋಟರು ಸುಟ್ಟು ಅದಕ್ಕೆ ಹೋಗಿತ್ತು. ಈ ವರ್ಷ ಕೊಬ್ಬರಿಗೆ ಹಿಂದೆಂದೂ ಇಲ್ಲದ ರೇಟು ಬಂದಿತ್ತು. ಅಕ್ಕನ ಮೂಲೆಯೂ ಹಿಂದೆಂದೂ ಇಲ್ಲದಷ್ಟು ತುಂಬಿತ್ತು.

"ಈ ಸಲದ್ದು ಯಾರ್ಗೂ ಇಲ್ಲ ಕಣೇ," ಎಂದಳು. "ತುರುವೇಕೆರೆ ಪೋಸ್ಟಾಫೀಸಲ್ಲಿ ನನ್ನೆಸ್ರಲ್ಲಿ ಇಡ್ತೀನಿ. ಮಂಡಿ ಇರೋಗಂಟ ವರ್ಷಾ ವರ್ಷಾ ಅದುಕ್ಕೇ ಸೇರುಸ್ತೀನಿ."

ಮಂಡಿ ಆಗಲೇ ನೋಯತೊಡಗಿತ್ತು. ಅದನ್ನು ಅವಳು ಹೇಳಲಿಲ್ಲ. ಏಣಿಯ ಮೇಲೆ ಅವಳು ನಿಂತು ನಿಂತು ಹತ್ತುವ ಸದ್ದು ನನಗೆ ಕೇಳಿಸುತ್ತಿತ್ತು.

ಹೀಗಿರುವಾಗ ಭಾವ ನಿವೃತ್ತಿಯ ದುಡ್ಡಿನಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಲು ಹೊರಟರು. ನೀಲಿ ನಕ್ಷೆ ತಂದು ಹೆಂಡತಿಯ ಮುಂದೆ ಹರಡಿದರು.

"ನಿನ್ಗೋಸ್ಕರಾನೇ ಕಣೇ ಪುಷ್ಪಾ. ಹೊಗೆ ಇಲ್ಲ, ಧೂಳಿಲ್ಲ. ಇನ್ಮೇಲೆ ಕಾಯಿ ಕಿತ್ತಂಗೆ ತೋಟದಲ್ಲೇ ಮಾರ್ಬುಡಾದು. ಅಟ್ಟ ಹತ್ತೋ ಕರ್ಮ ನಿಂಗೆ ಮುಗೀತು."

ಪಾಪ, ಅವರ ಮುಖದಲ್ಲಿ ಎಂಥ ಖುಷಿ! ಅಕ್ಕ ನಕ್ಷೆಯ ಮೇಲೆ ಬೆರಳಾಡಿಸುತ್ತಾ ಅಟ್ಟ ಹುಡುಕಿದಳು. ಅಡುಗೆಮನೆ ಇತ್ತು, ಎರಡು ಮಲಗುವ ಕೋಣೆ ಇತ್ತು, ಭಾವನ ಬೈಕು ನಿಲ್ಲಿಸಲು ಜಾಗವಿತ್ತು. "ಕಾಯಿ ಇನ್ನೂ ಆರಿಲ್ಲ, ದೀಪಾವಳಿ ಕಳೀಲಿ," ಎಂದಳು. ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೇಸ್ತ್ರಿ ಬಂದು ಟೇಪು ಹಿಡಿದರೆ ಅವನ ಹಿಂದೆಯೇ ಸುತ್ತುವಳು. ಅನ್ನ ಒಲೆಯ ಮೇಲಿಟ್ಟು ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ಕಿವಿ ಕೊಡುವಳು. ಇನ್ನೂ ನೀರಿನ ಸದ್ದು. ಇಳಿಯುವಷ್ಟರಲ್ಲಿ ಅನ್ನ ಸೀದಿರುತ್ತಿತ್ತು.

"ಬಾಯಿ ಬುಟ್ಟು ಹೇಳ್ಬಾರ್ದೇನಕ್ಕಾ, ಆ ಮೂಲೇದು ನಂದು ಅಂತ?" ಎಂದು ನಾನೇ ರೇಗಿದೆ.

"ಹೇಳುದ್ರೆ ಅವ್ರೇನು ಬ್ಯಾಡ ಅನ್ನಲ್ಲ. 'ಇಟ್ಕೋ' ಅಂತಾರೆ. ಅವ್ರು ಇಟ್ಕೋ ಅಂದ್ಮೇಲೆ ಅದು ಅವ್ರು ಕೊಟ್ಟಿದ್ದಾಯ್ತದೆ ಕಣೇ. ನಂದಾಗಿ ಉಳಿಯಲ್ಲ."



ದೀಪಾವಳಿಗೆ ಮುಂಚೆ ಚಿಕ್ಕನಾಯಕನಹಳ್ಳಿಯಲ್ಲಿರುವ ಮಗಳು ಫೋನು ಮಾಡಿದಳು, ಮೊಮ್ಮಗನಿಗೆ ಜ್ವರ ಬಿಡುತ್ತಿಲ್ಲವಂತೆ. ಅಕ್ಕ ಹೊರಟಳು. ಮಾರನೆಯ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಗೋಡೆಯಾಚೆ ದಡಬಡ ಸದ್ದು. ಓಡಿ ಹೋಗಿ ನೋಡಿದರೆ ಅಂಗಳದಲ್ಲಿ ಗಯಾಜನ ಟೆಂಪೊ. ಗಯಾಜ್ ತಿಪಟೂರಿನವನು, ನಮ್ಮೂರ ಕಾಯಿ ಕೊಬ್ಬರಿಯನ್ನೆಲ್ಲ ಕೊಳ್ಳುವವನು. ಅಟ್ಟದ ಮೇಲೆ ಇಬ್ಬರು ಆಳುಗಳು ನಿಂತು ಕಾಯಿಯನ್ನು ಬಾಚಿ ಬಾಚಿ ಕೆಳಗೆ ಎಸೆಯುತ್ತಿದ್ದರು. ಭಾವ ಮೂಗಿಗೆ ಟವೆಲ್ ಕಟ್ಟಿಕೊಂಡು ಉತ್ಸಾಹದಲ್ಲಿ ಓಡಾಡುತ್ತಿದ್ದರು.

"ಅವ್ಳಿಗೆ ಧೂಳು ಆಗಲ್ಲ ಕಣಮ್ಮ ಪವಿತ್ರಾ. ಬರಾ ಹೊತ್ಗೆ ಎಲ್ಲಾ ಕ್ಲೀನ್ ಮಾಡ್ಬುಟ್ಟಿರ್ತೀನಿ."

"ಭಾವ, ನಿಲ್ಸಿ! ಆ ಮೂಲೇಲಿರಾದು ಅಕ್ಕಂದು. ಅದುನ್ನ ಮುಟ್ಬ್ಯಾಡಿ."

ಭಾವ ಟವೆಲ್ಲು ಕೆಳಗಿಳಿಸಿ ನನ್ನನ್ನೇ ನೋಡಿ ನಕ್ಕರು. "ಅಕ್ಕಂದು ಅಂದ್ರೆ? ಅವ್ಳ್ದು ಬ್ಯಾರೆ ನಂದು ಬ್ಯಾರೆ ಅಂತ ಐತೇನಮ್ಮ? ಎಲ್ಲಾ ಒಂದೇ."

ಹೇಳುತ್ತಿದ್ದ ಹಾಗೆಯೇ ಮೂಲೆಯ ಸಾಲು ಬಂತು. ಒಂದು ಕಾಯಿ ಕಲ್ಲುಚಪ್ಪಡಿಗೆ ಬಿದ್ದು ಬಿರಿದು, ಒಳಗೆ ಉಳಿದಿದ್ದ ನೀರು ಸುರಿಯಿತು. ಉಳಿದವು ಉರುಳಿ ಮನೆಯ ಕಾಯಿಯ ಜೊತೆ ಸೇರಿಕೊಂಡವು. ಎಲ್ಲ ಕಾಯಿಯೂ ಒಂದೇ ಮರದವು ಅನ್ನುವ ಹಾಗೆ, ಒಂದೇ ಬಣ್ಣದವು. ಅಷ್ಟು ವರ್ಷ ಹೆಂಗಸರು ಕಾಪಾಡಿಕೊಂಡು ಬಂದ ಏರ್ಪಾಡು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿದು ಹೋಯಿತು. ನಾನು ಒಳಗೆ ಹೋಗಿ ಅಕ್ಕನಿಗೆ ಫೋನು ಮಾಡಿ, ಭಾವ ಅಂದದ್ದನ್ನೂ ಸೇರಿಸಿ ಎಲ್ಲ ಹೇಳಿದೆ.

ಅಕ್ಕ ಅಳಲಿಲ್ಲ. "ಗಾಡಿಗೆ ತುಂಬುಸ್ಬ್ಯಾಡ. ಬತ್ತೀನಿ," ಎಂದು ಇಟ್ಟಳು. ಬಸ್ಸು ಹತ್ತಿದ ಮೇಲೆ ಫೋನು. "ತುಂಬುದ್ರಾ?" ಇಲ್ಲ ಅಕ್ಕ. ಕೆ.ಬಿ. ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ ಇನ್ನೊಂದು ಫೋನು. "ಎಷ್ಟು ಬಿರಿದವೆ?" ನೋಡ್ತೀನಿ ಅಕ್ಕ. ಮತ್ತೆ ಐದು ನಿಮಿಷಕ್ಕೆ, ಬಸ್ಸು ಹೊರಡುತ್ತಿಲ್ಲ, ಡ್ರೈವರು ಟೀ ಕುಡಿಯುತ್ತಿದ್ದಾನೆ ಎಂದು ಅವನನ್ನು ಬೈದಳು. ನಾನು ಇತ್ತ ಟೆಂಪೊದ ಮುಂದೆ ಒಂದು ಮಣೆ ಹಾಕಿಕೊಂಡು ಕೂತಿದ್ದೆ. ಭಾವ ಇದೇನು ಹುಚ್ಚು ಎಂದರು. ಗಯಾಜ್ ಮಾತ್ರ ಏನೂ ಕೇಳಲಿಲ್ಲ. ಪ್ರತಿವರ್ಷ ಹಿತ್ತಿಲ ಬಾಗಿಲಲ್ಲಿ ಅಕ್ಕನ ಕೊಬ್ಬರಿಯನ್ನು ಬೇರೆಯಾಗಿ ತೂಕ ಹಾಕಿ ದುಡ್ಡು ಕೊಡುತ್ತಿದ್ದವನು ಅವನೇ. ಅವನಿಗೆ ಒಳಗೊಳಗೇ ಎಲ್ಲ ಗೊತ್ತಾಗಿ, ಟೆಂಪೊದ ಬಾನೆಟ್ಟು ಎತ್ತಿ ಇಲ್ಲದ ರಿಪೇರಿ ಮಾಡುತ್ತಾ ನಿಂತ.

ಅಕ್ಕ ಆಟೋದಿಂದ ಇಳಿದವಳು ಚಪ್ಪಲಿ ಬಿಡದೆ ರಾಶಿಯ ಹತ್ತಿರ ಬಂದಳು. ಒಂದು ಕಾಯಿ ಎತ್ತಿ ಅಲ್ಲಾಡಿಸಿ ಕಿವಿಗಿಟ್ಟುಕೊಂಡಳು, ಪಕ್ಕಕ್ಕಿಟ್ಟಳು. ಇನ್ನೊಂದು, ಮತ್ತೊಂದು. ಒಂದು ಬದಿಗೆ ಇಟ್ಟದ್ದನ್ನು ತಿರುಗಿ ಎತ್ತಿ ರಾಶಿಗೆ ಹಾಕಿದಳು. ಕಾಯಿ ಎಷ್ಟು ಒಣಗಿದೆ ಎಂದು ಸದ್ದು ಹೇಳುತ್ತದೆ, ಯಾರದು ಎಂದು ಹೇಳುವುದಿಲ್ಲ. ಅವಳ ಕೈ ಜೋರಾಗುತ್ತಾ ಹೋಯಿತು. ಮುಖವೆಲ್ಲ ಬೆವರು, ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ನನಗೆ ನೋಡಲಾಗದೆ ಹೋಗಿ ಕೈ ಹಿಡಿದೆ. ಬಿಡಿಸಿಕೊಂಡಳು.

ಗಯಾಜ್ ಮೆಲ್ಲಗೆ, "ಅಕ್ಕಾ, ನಿಮ್ದು ಎಷ್ಟಿತ್ತು ಅಂತ ಅಂದಾಜು ಹೇಳ್ಬುಡಿ, ನಾನೇ ಬ್ಯಾರೆ ಹಾಕುಸ್ತೀನಿ," ಎಂದ.

ಭಾವನಿಗೆ ಈಗ ಅರ್ಥವಾಯಿತು. ಅರ್ಥವಾದದ್ದರಲ್ಲೂ ಅವರಿಗೆ ನಗುವೇ ಬಂತು. ಕೋಪದ ನಗುವಲ್ಲ, ಮಗುವನ್ನು ಸಮಾಧಾನ ಮಾಡುವ ನಗು.

"ಇಷ್ಟೇನಾ? ಅದ್ಕೆ ಯಾಕಿಷ್ಟು ಒದ್ದಾಡ್ತೀಯಾ? ಎಷ್ಟು ಬೇಕು ಹೇಳು, ಕೊಡ್ತೀನಿ. ಯಾವತ್ತಾದ್ರೂ ಇಲ್ಲ ಅಂದಿದೀನಾ? ಪಿಂಚಣಿ ಬತ್ತೈತೆ. ನಾನು ಸತ್ರೂ ಅರ್ಧ ನಿಂಗೇ ಬತ್ತೈತೆ."

ಅಕ್ಕನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಬೆಳಗಿನಿಂದ ಮೊದಲ ಸಲ ಅವಳ ಕೈ ಅಲ್ಲಾಡಲಿಲ್ಲ. ಅವಳು ರಾಶಿಯ ಮೇಲೆಯೇ ಕೂತಳು.

"ಬ್ಯಾಡ. ನೀವು ಸಾಯಾದ್ನ ಕಾಯ್ಕಂಡು ನಾನು ಕೂತ್ಕಳಲ್ಲ. ನೀವು ಚೆನ್ನಾಗಿರ್ರಿ. ಬದುಕಿರುವಾಗ್ಲೇ ಅರ್ಧ ಕೊಡಿ."

"ಏನು ಅರ್ಧ?"

"ಈ ರಾಶೀಲಿ. ನನ್ನ ಮೂಲೇದು ಎಷ್ಟಿತ್ತೋ ಈಗ ದೇವ್ರಾಣೆ ನಂಗೂ ಗೊತ್ತಾಗ್ತಿಲ್ಲ. ಎಲ್ಲಾ ಒಂದೇ ಅಂದ್ರಂತೆ. ಒಂದೇ ಆದ್ಮೇಲೆ ಇಬ್ಬುರ್ಗೂ ಸಮಸಮ ತಾನೆ? ಗಯಾಜ್, ಎರಡು ಪಾಲು ಹಾಕಪ್ಪ."

ಮೂಲೆಯಲ್ಲಿದ್ದದ್ದು ಎಲ್ಲಿ, ರಾಶಿಯ ಅರ್ಧ ಎಲ್ಲಿ! ಭಾವ ಬಾಯಿ ತೆರೆದರು. "ಅಲ್ಲ ಕಣೇ, ಅರ್ಧ ಅಂದ್ರೆ... ಯಾಕೆ..." ಎಂದವರು ಅಲ್ಲಿಗೇ ನಿಂತರು. ಆ 'ಯಾಕೆ' ಅವರ ಕಿವಿಗೂ ಬಿದ್ದಿರಬೇಕು. ಅತ್ತೆ ಕೂರುತ್ತಿದ್ದ ಏಣಿಯ ಬುಡ ಅವರ ಕಣ್ಣೆದುರಿಗೇ ಇತ್ತು. ಅವರು ಅತ್ತ ನೋಡಿದರೋ ಇಲ್ಲವೋ ನಾನು ಆಣೆ ಮಾಡಿ ಹೇಳಲಾರೆ. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಗಯಾಜನ ಕಡೆ ತಿರುಗಿ, "ಹಾಕಪ್ಪ," ಎಂದರು. ಮತ್ತೆ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿ, "ಇಷ್ಟೇ ತಾನೆ?" ಎಂದು ಕೇಳಿದರು.

"ಇವತ್ಗೆ ಇಷ್ಟು," ಎಂದಳು ಅಕ್ಕ.

ಗಯಾಜ್ ಬಾನೆಟ್ಟು ಧಡ್ ಎಂದು ಮುಚ್ಚಿ ಲುಂಗಿ ಎತ್ತಿ ಕಟ್ಟಿದ. ಭಾವನ ಪಾಲು ಟೆಂಪೊ ಹತ್ತಿತು. ಅಕ್ಕನ ಪಾಲಿಗೆ ಇನ್ನೂ ಒಂದೆರಡು ತಿಂಗಳು ಅಟ್ಟ ಬೇಕಿತ್ತು, ಕೆಡವಲಿದ್ದ ಅವಳ ಮನೆಯ ಅಟ್ಟ ಅಷ್ಟು ದಿನ ಉಳಿಯುವಂತಿರಲಿಲ್ಲ. ನಮ್ಮ ಅಟ್ಟ ಯಾವ ಸುಖಕ್ಕಿದೆ! ನನ್ನ ಗಂಡನ ಕಾಯಿಯನ್ನೆಲ್ಲ ಒಂದು ಬದಿಗೆ ತಳ್ಳಿ ಜಾಗ ಮಾಡಿದೆ. ಅವರು ಸಂಜೆ ಬಂದು ಯಾಕೆ ಎಂದು ಕೇಳಲಿ, ನನ್ನ ಹತ್ತಿರವೂ ಉತ್ತರ ಇತ್ತು.

ಅಕ್ಕ ಮೇಲೆ ಹತ್ತಿದಳು. ಏಣಿಯ ಮಧ್ಯದಲ್ಲಿ ಮಂಡಿ ಹಿಡಿದುಕೊಂಡು ಸ್ವಲ್ಪ ನಿಂತಳು. ನಾನು ಕೆಳಗಿನಿಂದ ಕಾಯಿ ಎತ್ತಿ ಕೊಡುವವಳಿದ್ದೆ, ಅಷ್ಟರಲ್ಲಿ ಭಾವ ಹಿತ್ತಿಲಿಂದ ಬಂದರು. ನನ್ನನ್ನು ಸರಿಸಿ ಏಣಿಯ ಮೇಲೆ ನಾಲ್ಕು ಮೆಟ್ಟಿಲು ಹತ್ತಿ ನಿಂತರು. ಏಣಿ ಹತ್ತುವುದು ಅವರಿಗೆ ಹೊಸದಲ್ಲವಲ್ಲ. ನಾನು ಕೊಟ್ಟದ್ದನ್ನು ಅವರು ಅಕ್ಕನಿಗೆ ದಾಟಿಸುತ್ತಾ ಹೋದರು. ಅಕ್ಕ ಒಂದೊಂದನ್ನೂ ಸಾಲಾಗಿ ಜೋಡಿಸುತ್ತಿದ್ದಳು. ಗೋಡೆಯ ಕಡೆಗಲ್ಲ. ತೊಟ್ಟುಗಳೆಲ್ಲ ಏಣಿಯ ಕಡೆಗೆ, ಹತ್ತಿದವರಿಗೆ ಮೊದಲು ಕಾಣುವ ಹಾಗೆ ಇದ್ದವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಕ್ಕ ಕಾಯಿ ಜೋಡಿಸುವುದನ್ನು ಭಾವ ನೋಡಿದ್ದು ಅವತ್ತೇ ಮೊದಲು.

"ಇದ್ಯಾಕೆ ತೊಟ್ಟೆಲ್ಲ ಈ ಕಡೀಕೆ ತಿರುಗ್ಸಿ ಇಡ್ತಿದೀಯಾ?" ಎಂದರು.

ಅಕ್ಕ ಈ ಸಲ ಉತ್ತರ ಕೊಟ್ಟಳು.

"ನಂದು ಅಂತ ಕಾಣ್ಲಿ ಅಂತ."